ಹೂಂ ಅನ್ನುವ ಬಸವ

ದೇವಸ್ಥಾನದ ಬಸವನನ್ನು ಸಾಕುವ ಹೆಂಗಸಿಗೆ ಹೆತ್ತವರು ಏನು ಹೆಸರಿಟ್ಟಿದ್ದರೋ, ಊರಿಗೆಲ್ಲ ಅವಳು ಹುಲ್ಲಕ್ಕ. ಬಾಯಿ ಬಲು ಜೋರು. ಬೆಳಿಗ್ಗೆ ಕೊಟ್ಟಿಗೆ ಗುಡಿಸುತ್ತಾ, "ತಿನ್ನೋದು, ಮಲಗೋದು! ದೇವರ ಹೆಸರು ಹೇಳ್ಕೊಂಡು ಇನ್ನೂ ಎಷ್ಟು ದಿನ ಕಾಲ ಹಾಕ್ತೀಯೋ, ಮೈಗಳ್ಳ?" ಎಂದು ಬೈಯುವಾಗಲೂ ಅವಳ ಇನ್ನೊಂದು ಕೈ ಅವನ ಬೆನ್ನು ಸವರುತ್ತಿರುತ್ತದೆ. ಬಸವನೂ ಅಷ್ಟೇ, ಬೈಗುಳ ಮುಗಿಯುವ ತನಕ ಹುಲ್ಲಿಗೆ ಬಾಯಿ ಹಾಕುವುದಿಲ್ಲ.

ಆ ಗುಡಿಯಲ್ಲೊಂದು ರೂಢಿ. ಪೂಜೆ ಮುಗಿಸಿ ಬಂದವರು ಅಂಗಳದಲ್ಲಿ ನಿಂತ ಬಸವನ ಕಿವಿಯಲ್ಲಿ ಮನಸ್ಸಿನ ಮಾತು ಹೇಳುತ್ತಾರೆ. ಬಸವ ತಲೆ ತೂಗಿದರೆ ದೇವರು ಒಪ್ಪಿದ ಹಾಗೆ, ಸುಮ್ಮನಿದ್ದರೆ ಇಲ್ಲ. ಈ ಬಸವ ಯಾರಿಗೂ ಇಲ್ಲ ಅಂದದ್ದೇ ಇಲ್ಲ. ಅರ್ಚಕರು ಅದನ್ನು ಸ್ಥಳಮಹಿಮೆ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಅದು ಹುಲ್ಲಕ್ಕನ ಬೆರಳಿನ ಮಹಿಮೆ. ಕತ್ತಿನ ಕೆಳಗೆ ಜೋಲುವ ತೊಗಲನ್ನು ಒಂದು ಕಡೆ ಮೆಲ್ಲಗೆ ಕೆರೆದರೆ ಸಾಕು, ಬಸವ ಸುಖಕ್ಕೆ ತಲೆ ತೂಗುತ್ತಾನೆ. ಎಲ್ಲಿಂದಲೋ ಬಂದವರನ್ನು ಸಪ್ಪೆ ಮುಖದಲ್ಲಿ ಕಳಿಸಲು ಅವಳಿಗೆ ಮನಸ್ಸು ಬಾರದು. ಇದು ಮೋಸ ಎನ್ನುವವರು ಒಂದು ದಿನ ಅಲ್ಲಿ ನಿಂತು ಆ ಮುಖಗಳನ್ನು ನೋಡಲಿ.

ಮನೆಯಲ್ಲಿರುವುದು ಅವಳು ಮತ್ತು ಸೊಸೆ. ಮಗ ತೀರಿಕೊಂಡ ಮೇಲೆ ತವರಿಗೆ ಹೋಗೆಂದು ಯಾರೆಷ್ಟು ಹೇಳಿದರೂ ಸೊಸೆ ಹೋಗಲಿಲ್ಲ. ಇರುವುದೊಂದೇ ಕೋಣೆ. ಕಿಟಕಿಯ ಹತ್ತಿರ ಸೊಸೆಯ ಹೊಲಿಗೆ ಮೆಷಿನ್, ಬಾಗಿಲ ಹತ್ತಿರ ಅತ್ತೆಯ ಹಾಸಿಗೆ. ಆ ಮೆಷಿನ್ನಿನ ಸದ್ದಿಲ್ಲದೆ ಹುಲ್ಲಕ್ಕನಿಗೆ ಕಣ್ಣು ಹತ್ತುವುದಿಲ್ಲ.

ಹೀಗಿರುವಾಗ ಗುಡಿಯ ದೀಪ, ಮೈಕು ರಿಪೇರಿ ಮಾಡುವ ಎಲೆಕ್ಟ್ರಿಷಿಯನ್ ಒಂದು ದಿನ ಬಂದು, ನಿಮ್ಮ ಸೊಸೆಯನ್ನು ಮದುವೆಯಾಗಬೇಕೆಂದಿದ್ದೇನೆ ಎಂದು ಹುಲ್ಲಕ್ಕನನ್ನೇ ಕೇಳಿದ. ಒಳ್ಳೆಯವನು. ಎಷ್ಟು ಕೆದಕಿದರೂ ಅವನಲ್ಲಿ ಒಂದು ಹುಳುಕೂ ಸಿಗಲಿಲ್ಲ, ಅದೇ ಅವಳಿಗೆ ಸಂಕಟ. ಇವಳೂ ಹೋದರೆ ತನಗೆ ಯಾರು ಎಂಬ ಭಯ.

"ಅವಳಿಷ್ಟ ಕಣಪ್ಪ" ಅಂದುಬಿಟ್ಟಳು. ಹುಲ್ಲಕ್ಕನ ಬಾಯಲ್ಲಿ ಆ ಮಾತು ಬಂದರೆ ಬೇಡ ಎಂದೇ ಅರ್ಥ. ಅದು ಸೊಸೆಗೂ ಗೊತ್ತು. ಆ ರಾತ್ರಿ ಸೊಸೆ ಮೆಷಿನ್ ಮುಟ್ಟಲಿಲ್ಲ.

ಬೆಳಿಗ್ಗೆ ನೋಡಿದರೆ, ಯಾವತ್ತೂ ಬಸವನನ್ನು ಏನೂ ಕೇಳದ ಸೊಸೆ ಸಾಲಿನಲ್ಲಿ ನಿಂತಿದ್ದಾಳೆ! ಸರದಿ ಬಂದಾಗ ಬಸವನ ಕಿವಿಗೆ ಕೈ ಮರೆ ಮಾಡಿ ಬಾಗಿದಳು. ಏನು ಕೇಳುತ್ತಾಳೆಂದು ಹುಲ್ಲಕ್ಕನಿಗೆ ಯಾರಾದರೂ ಹೇಳಿಕೊಡಬೇಕೆ? ಬೆರಳು ತೊಗಲಿನ ಮೇಲೆಯೇ ಇತ್ತು, ಅಲುಗಲಿಲ್ಲ. ಬಸವ ನಿಂತಲ್ಲೇ ನಿಂತ. ಹಿಂದಿದ್ದವರು ಮುಖ ಮುಖ ನೋಡಿಕೊಂಡರು. ಸೊಸೆ ಸ್ವಲ್ಪ ಹೊತ್ತು ಕಾದು, ಸೆರಗು ಸರಿಮಾಡಿಕೊಂಡು ತಿರುಗಿದಳು. ಕಂಡವರ ಮುಖ ಬಾಡಿದರೇ ತಾಳದವಳು ಈ ಮುಖವನ್ನು ಹೇಗೆ ನೋಡಿಯಾಳು?

"ಏ, ನಿಲ್ಲೇ! ಏನಷ್ಟು ಅವಸರ? ವಯಸ್ಸಾಯ್ತು ಅವನಿಗೆ, ಕಿವಿ ಮಂದ. ಈಗ ನೋಡು" ಎಂದು ಗದರಿ, ಕಣ್ಣೀರು ಇಳಿಯುತ್ತಿದ್ದರೂ ಬಿಡದೆ ಕೆರೆದಳು. ಬಸವ ತಲೆ ತೂಗಿದ್ದೇ ತೂಗಿದ್ದು.

ಸೊಸೆ ಹತ್ತಿರ ಬಂದು, ಹುಲ್ಲಿನ ಚೂರು ಅಂಟಿದ ಆ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

"ಅವನ ಕಿವೀಲಿ ನಾನು ಏನೂ ಹೇಳೇ ಇಲ್ಲ ಅತ್ತೆ" ಎಂದಳು. "ನಿಮ್ಮ ಕೈಯನ್ನೇ ನೋಡ್ತಾ ಇದ್ದೆ."