ಹಾಸ್ಯಗಾರನ ಮುಖಕ್ಕೆ ಬಿಳಿ ಬಳಿದವಳು

ಗಿರಿಜಾ, ಮಧು — ನಿಮ್ಮ ತಾತ ಹಲಸೂರು ಕೆರೆಯಲ್ಲಿ ಕಾಲು ಜಾರಿ ಬೀಳಲಿಲ್ಲ. ತಾವಾಗಿಯೇ ನೀರಿಗಿಳಿದರು. ಜಾರಿ ಬಿದ್ದರು ಎಂದು ಊರಿಗೆಲ್ಲ ಹೇಳಿದವಳು ನಾನು. ನಿಮ್ಮ ಅಪ್ಪನಿಗೂ ಅದನ್ನೇ ಹೇಳಿ ಬೆಳೆಸಿದೆ.

ಈಗೇಕೆ ಬರೆಯುತ್ತಿದ್ದೇನೆಂದರೆ — ಮಧು, ನೀನು ತಿಂಗಳಿಂದ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಎಂದು ಗಿರಿಜಾ ಕೇಳಿದ್ದಕ್ಕೆ ನಿಮ್ಮ ಅಪ್ಪ, "ನಮ್ ವಂಶದಲ್ಲೇ ಅಂಥದ್ದಿಲ್ಲ. ನಮ್ಮಪ್ಪ ಇಡೀ ದಂಡನ್ನೇ ನಗಿಸ್ದೋರು" ಎಂದ. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಆ ಮಾತನ್ನು ಅವನ ಬಾಯಿಗೆ ಇಟ್ಟವಳು ನಾನೇ.

ಎರಡನೆಯ ಮಹಾಯುದ್ಧದ ವರ್ಷಗಳು ಅವು. ಕೆ.ಆರ್. ಪುರದಾಚೆಯ ಹಳ್ಳಿಯಲ್ಲಿ ನಾಲ್ಕನೆಯ ಕ್ಲಾಸು ಓದಿದ್ದ ನಾನು ಮದುವೆಯಾಗಿ ಬೆಂಗಳೂರಿನ ದಂಡು ಪ್ರದೇಶದ ಮರ್ಫಿ ಟೌನಿಗೆ ಬಂದಿದ್ದೆ. ನಿಮ್ಮ ತಾತ ಹಲಸೂರಿನ ಒಂದು ನಾಟಕ ಕಂಪನಿಯಲ್ಲಿ ಹಾಸ್ಯಗಾರ. ಆ ಕಂಪನಿಯಲ್ಲೊಂದು ಪದ್ಧತಿ — ಹಾಸ್ಯಗಾರ ಮನೆಯಲ್ಲೇ ಮುಖಕ್ಕೆ ಬಿಳಿ ಬಳಿಸಿಕೊಂಡು, ಬೀದಿಯಲ್ಲಿ ಕುಣಿಯುತ್ತ, ಜನರನ್ನು ಹಿಂದೆ ಹಾಕಿಕೊಂಡು ನಾಟಕದ ಡೇರೆಗೆ ಹೋಗಬೇಕು. ಬಳಿಯುವವಳು ಹೆಂಡತಿ. ಹಣೆಗೆ ಬಣ್ಣ ತಾಗಿತೋ, ಆಮೇಲೆ ಆಟ ಬಿಡುವ ಹಾಗಿಲ್ಲ. ಬಿಟ್ಟರೆ ಕಂಪನಿಗೇ ಕೇಡು ಎಂದು ಎಲ್ಲರೂ ನಂಬಿದ್ದರು. ನಿಮ್ಮ ತಾತನೂ ನಂಬಿದ್ದರು.

"ಪುಣ್ಯವಂತೆ ಕಣಕ್ಕ ನೀನು," ಎನ್ನುತ್ತಿದ್ದಳು ಪಕ್ಕದ ಮನೆಯ ಸೆಲ್ವಿ. "ನಮ್ದೂ ಒಂದೈತೆ, ಮೂತಿ ನೋಡಿದ್ರೆ ಹಾಲು ಒಡೀತೈತೆ." ನಾನು ನಗುತ್ತಿದ್ದೆ. ಒಳಗೆ ನಿಮ್ಮ ತಾತ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು — ಊಟವಿಲ್ಲ, ಮಾತಿಲ್ಲ, ಕೂಸಾಗಿದ್ದ ನಿಮ್ಮ ಅಪ್ಪ ಅತ್ತರೂ ತಿರುಗುತ್ತಿರಲಿಲ್ಲ. ಜ್ವರ ಎಂದು ಹೇಳಿ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಅದು ಕಾಯಿಲೆ ಎಂದು ತಿಳಿದಿರಲಿಲ್ಲ. ನೋವು ಎಂದು ತಿಳಿದಿತ್ತು. ಅಷ್ಟು ತಿಳಿದಿದ್ದೇ ಸಾಕಾಗಬೇಕಿತ್ತು...

ಅಂಥ ದಿನಗಳಿಗೆ ಒಂದು ಉಪಾಯ ಕಂಡುಕೊಂಡಿದ್ದೆ. ಮಲಗಿದ್ದಲ್ಲೇ ಹಣೆಗೆ ಬಿಳಿ ಹಚ್ಚಿಬಿಡುವುದು. ಹಚ್ಚಿದರೆ ಏಳಲೇಬೇಕು.

ಕೊನೆಯ ಸಲ ಬಿಳಿ ಬಣ್ಣದ ಬಟ್ಟಲು ತಂದಾಗ ನನ್ನ ಕೈ ಹಿಡಿದುಕೊಂಡರು.

"ಇವತ್ತು ಬ್ಯಾಡ ಕಣೇ. ಇವತ್ತೊಂದಿನ ಬಿಟ್ಬಿಡು."

"ಬೀದಿ ತುಂಬ ಮಕ್ಳು ಕಾಯ್ತಾ ಅವೆ," ಎಂದೆ. "ಜನ ಏನಂತಾರೆ?"

ನನ್ನ ಕೈ ಬಿಡದೆಯೇ ಕೇಳಿದರು: "ಸುಣ್ಣ ಹೊಡ್ದಿರೋ ಗೋಡೇನ ಯಾರಾದ್ರೂ ಹೆಂಗಿದ್ದೀಯಪ್ಪಾ ಅಂತ ಕೇಳ್ತಾರಾ?"

ತಮಾಷೆ ಎಂದುಕೊಂಡೆ — ಇಲ್ಲ, ಮತ್ತೆ ಸುಳ್ಳು ಬರೆಯುತ್ತಿದ್ದೇನೆ. ತಮಾಷೆಯಲ್ಲವೆಂದು ಗೊತ್ತಿತ್ತು. ಕೈ ಬಿಡಿಸಿಕೊಂಡು ಹಚ್ಚಿದೆ.

ಅಂದು ಡೇರೆಯಲ್ಲಿ ಸೋಲ್ಜರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆಟ ಮುಗಿದ ಮೇಲೆ ಇವರು ಅಲ್ಲೇ ಮುಖ ತೊಳೆದು, ವೇಷ ಮಡಿಸಿ ಕಂಪನಿಯ ಯಜಮಾನರ ಕೈಗಿಟ್ಟು, "ಇನ್ ನಂಗೆ ಬ್ಯಾಡ ಸ್ವಾಮಿ" ಎಂದು ಹೊರಟರಂತೆ. ಮನೆಗೆ ಬರಲಿಲ್ಲ. ಬೆಳಿಗ್ಗೆ ಕೆರೆಯಿಂದ ಎತ್ತಿ ತಂದರು. ಯಜಮಾನರು ಇಷ್ಟನ್ನೂ ನನಗೊಬ್ಬಳಿಗೆ ಹೇಳಿದರು. ಅದನ್ನು ಕೇಳಿದ ಮೇಲೂ, ನೆರೆದವರ ಕಡೆ ತಿರುಗಿ ನಾನು ಹೇಳಿದೆ: "ಬಣ್ಣ ತೊಳ್ಯೋಕೆ ಇಳ್ದವ್ರೆ, ಜಾರ್ಬಿಟ್ರು." ಯಜಮಾನರು ತಲೆ ತಗ್ಗಿಸಿದರು.

ಅಂಥದ್ದು ನಮ್ಮ ವಂಶದಲ್ಲಿ ಇತ್ತು. ನಿಮ್ಮ ತಾತನಿಗೆ ಇತ್ತು. ಅವರ ಕಾಯಿಲೆಗೆ ನಾಚಿಕೊಳ್ಳಬೇಕಾದ್ದು ಏನೂ ಇಲ್ಲ, ನಾಚಿಕೊಳ್ಳಬೇಕಾದವಳು ನಾನು. ಗಂಡಸರೆದುರು ದನಿ ಎತ್ತಿದವಳಲ್ಲ. ನಾಳೆ ಎತ್ತುತ್ತೇನೆ. ಈ ಹಾಳೆಗಳನ್ನು ನಿಮ್ಮ ಅಪ್ಪನಿಗೆ ಓದಿ ಹೇಳುತ್ತೇನೆ. ಮಧು, ನಿನ್ನನ್ನು ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ನಿಮ್ಮ ಅಪ್ಪ ಬಾಗಿಲಿಗೆ ಅಡ್ಡ ನಿಂತರೆ ನಿಲ್ಲಲಿ. ಮರ್ಯಾದೆ ಹೋಗುತ್ತದೆ ಎಂದರೆ ಹೋಗಲಿ — ಅದನ್ನು ಉಳಿಸಿಕೊಂಡು ಬದುಕಿದವಳಿಗೆ ಅದರ ಬೆಲೆ ಗೊತ್ತು.

ಗಿರಿಜಾ, ನಿಮ್ಮ ಅಪ್ಪ ಸಿಟ್ಟಿನಲ್ಲಿ ಈ ಹಾಳೆಗಳನ್ನು ಒಲೆಗೆ ಹಾಕಲು ಬರಬಹುದು. ಕೊಡಬೇಡ. ನಾನು ಸತ್ತ ಮೇಲೂ ಕೊಡಬೇಡ. ನಿನ್ನ ಹತ್ತಿರವೇ ಜೋಪಾನವಾಗಿ ಇಟ್ಟುಕೊ. ಯಾರು ಕೇಳಿದರೂ ಓದಿ ಹೇಳು.