ಕಲೆಯ ಮೇಲೆ ಇಸ್ತ್ರಿ

ಲಾಂಡ್ರಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಯೋಗ್ಯತೆಯಿಂದಲ್ಲ. ನಮ್ಮ ಮಾವ ಯಜಮಾನರಿಗೆ ಬೇಕಾದವರು. ಮೂರು ವರ್ಷವಾದರೂ ಶರ್ಟಿನ ಕಾಲರು ನೆಟ್ಟಗೆ ಕೂರಿಸಲು ಬಂದಿಲ್ಲ. ಅದಕ್ಕೇ ಕೌಂಟರಿನಲ್ಲಿ ನಿಲ್ಲಿಸಿದ್ದಾರೆ: ಬಟ್ಟೆ ತೆಗೆದುಕೊ, ನಂಬರಿನ ಚೀಟಿ ಚುಚ್ಚು, ಗಿರಾಕಿಗೆ ನಗು. ನಗುವುದೊಂದು ಚೆನ್ನಾಗಿ ಬರುತ್ತದೆ. ಆ ವಿಷಯ ಆಮೇಲೆ.

ಪರದೆಯ ಹಿಂದೆ, ಇಸ್ತ್ರಿ ಮೇಜಿನ ಮುಂದೆ ಅಕ್ಕ. ಐವತ್ತು ದಾಟಿದ್ದಾರೆ. ಅವರ ತಾತ ರೈಲು ಹಳಿ ಹಾಕಲು ಹಡಗಿನಲ್ಲಿ ಬಂದವರು. ಅಕ್ಕ ಹುಟ್ಟಿದ್ದು ಲಾಂಡ್ರಿಯಿಂದ ಎರಡು ಬೀದಿ ಆಚೆ. ಆದರೂ ಅವರ ಕಪ್ಪು ಮೈಬಣ್ಣ, ಗುಂಗುರು ಕೂದಲು ಕಂಡವರು "ನಿಮ್ಮದು ಯಾವ ದೇಶ?" ಎಂದೇ ಕೇಳುವುದು. "ಪಕ್ಕದ ಬೀದಿ" ಎಂದು ಹೇಳಿ ಕೆಲಸಕ್ಕೆ ತಿರುಗುತ್ತಾರೆ.

ಅವರ ಕಾನೂನು ಒಂದೇ. ಕಲೆ ಇರುವ ಬಟ್ಟೆಗೆ ಇಸ್ತ್ರಿ ಮುಟ್ಟಿಸಬಾರದು. ಬಿಸಿ ತಾಗಿದರೆ ಕಲೆ ನೂಲಿನೊಳಗೆ ಮನೆ ಮಾಡಿಕೊಳ್ಳುತ್ತದೆ, ಆಮೇಲೆ ತಲೆಕೆಳಗಾಗಿ ನಿಂತರೂ ಹೋಗುವುದಿಲ್ಲ. ಗಿರಾಕಿ ಎಷ್ಟೇ ಕುಣಿದಾಡಲಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡದೆ ಅಕ್ಕ ಪೆಟ್ಟಿಗೆ ಎತ್ತುವವರಲ್ಲ. ನನಗೆ 'ಅರ್ಜೆಂಟು' ಎಂದು ಹೆಸರಿಟ್ಟವರೂ ಅವರೇ.

ಹೋದ ವರ್ಷ ಒಂದು ಬೆಳಿಗ್ಗೆ, ಕೆಲಸಕ್ಕೆ ಬರುವ ಬಸ್ಸಿನಲ್ಲಿ, ಯಾವನೋ ಯುವಕ ಅಕ್ಕನಿಗೆ ಸೀಟು ಬಿಟ್ಟು ಏಳು ಎಂದ. ಏಳಲಿಲ್ಲ. ಅವರ ಬಣ್ಣ ಹಿಡಿದು ಬೈದ, ಕೂದಲು ಹಿಡಿದು ಎಳೆದ, ನಿಲ್ದಾಣ ಬಂದಾಗ ಬಾಗಿಲಿನಿಂದ ಆಚೆಗೆ ನೂಕಿದ. ತುಟಿ ಒಡೆಯಿತು, ಬಲಗೈ ಮಣಿಕಟ್ಟು ಮುರಿಯಿತು. ಮಿಕ್ಕ ಪ್ರಯಾಣಿಕರೆಲ್ಲ ಕಿಟಕಿಯಾಚೆಯ ಸೌಂದರ್ಯ ಸವಿಯುತ್ತಿದ್ದರಂತೆ. ಅಲ್ಲಿರುವುದು ಟೈರಿನ ಗೋದಾಮು.

ಅಕ್ಕ ಆಸ್ಪತ್ರೆಯಲ್ಲಿದ್ದಾಗ ನಾನು ಉಪಕಾರಕ್ಕೆ ಹೊರಟೆ. ಅವತ್ತು ಅವರು ತೊಟ್ಟಿದ್ದ, ತುಟಿಯ ರಕ್ತ ಬಿದ್ದ ಬೂದು ಕೋಟನ್ನು ಒದ್ದೆ ಬಟ್ಟೆಯಲ್ಲಿ ನಾಲ್ಕು ಸಲ ಒರೆಸಿ, ಗರಿಗರಿಯಾಗಿ ಇಸ್ತ್ರಿ ಹೊಡೆದು ಹ್ಯಾಂಗರಿಗೆ ಹಾಕಿದೆ. ರಕ್ತ ಕಂದು ತಿರುಗಿ ಎದೆಯ ಮೇಲೆ ಶಾಶ್ವತವಾಗಿ ಕೂತುಬಿಟ್ಟಿತು. ಯಾರು ಮಾಡಿದರೂ ಲಾಂಡ್ರಿಯವನು ಮಾಡಬಾರದ ತಪ್ಪು. ಅಕ್ಕ ಕೋಟನ್ನು ತಿರುಗಿಸಿ ನೋಡಿ, "ಕಾಲರು ಮಾತ್ರ ಈ ಸಲ ನೆಟ್ಟಗೆ ಬಂದಿದೆ ಕಣೋ ಅರ್ಜೆಂಟು" ಎಂದರು.

ಈಗ ಅವರು ಎಡಗೈಯಲ್ಲಿ ಇಸ್ತ್ರಿ ಮಾಡುತ್ತಾರೆ. ಬಸ್ಸು ಹತ್ತುವುದಿಲ್ಲ, ಈಗಿನ ಬಾಡಿಗೆ ಮನೆಯಿಂದ ಐವತ್ತು ನಿಮಿಷ ನಡೆದು ಬರುತ್ತಾರೆ.

ಇತ್ತೀಚೆಗೆ ಸಂಧಾನದ ಕಚೇರಿಯಿಂದ ಒಬ್ಬ ಮೇಡಂ ಬಂದರು. ಬಸ್ಸಿನ ಕೇಸಿನಲ್ಲಿ ಸಿಕ್ಕಿಬಿದ್ದಿದ್ದ ಆ ಯುವಕನಿಗೆ ಪಶ್ಚಾತ್ತಾಪವಾಗಿದೆಯಂತೆ. ಅಕ್ಕ ರಾಜಿ ಕಾಗದಕ್ಕೆ ಸಹಿ ಹಾಕಿದರೆ ಅವನಿಗೆ ಜೈಲು ತಪ್ಪಬಹುದಂತೆ.

"ಹಾಕ್ಬಿಡಿ ಅಕ್ಕ, ಮುಗ್ದುಹೋಗ್ಲಿ" ಎಂದೆ.

"ಯಾರಿಗೆ ಮುಗಿಯೋದು?"

ಆದರೂ ಕಚೇರಿಗೆ ಜೊತೆಗೆ ಬಾ ಎಂದರು, ಹೋದೆ.

ಕಚೇರಿಯ ಮೇಜಿನ ಮೇಲೆ ಒಂದು ಜಗ್ಗು ನೀರು, ಅಳುವವರಿಗೆಂದು ಒಂದು ಡಬ್ಬಿ ಕಾಗದದ ಕರವಸ್ತ್ರ. ಎದುರಿಗೆ ಅವನು, ಪಕ್ಕದಲ್ಲಿ ಅವನ ತಾಯಿ. ರಾಕ್ಷಸನನ್ನು ನೋಡುತ್ತೇನೆಂದುಕೊಂಡಿದ್ದೆ, ನನ್ನದೇ ವಯಸ್ಸು, ಉಗುರು ಕಚ್ಚುವ ಚಟ. ಅವನು ಕಾಗದ ಬಿಡಿಸಿ ಓದಿದ: "ಅಂದು ನಡೆದ ಅಹಿತಕರ ಘಟನೆಗೆ ನಾನು ತೀವ್ರವಾಗಿ ವಿಷಾದಿಸುತ್ತೇನೆ."

"ಯಾರು ಬರ್ದಿದ್ದು?" ಅಕ್ಕ ಕೇಳಿದರು.

"ವಕೀಲರು."

"ಚೆನ್ನಾಗಿ ಬರೀತಾರೆ. ಅವತ್ತು ನೀನು ನನ್ನ ಏನಂದೆ?"

"ಕೋಪದಲ್ಲಿ ಏನೋ ಬಂದ್ಬಿಡ್ತು ಅಮ್ಮಾ..."

"ಅಮ್ಮ ಅನ್ಬೇಡ. ನಿಮ್ಮಮ್ಮ ಇಲ್ಲೇ ಕೂತಿದ್ದಾರೆ. ಅವರ ಎದುರಿಗೇ ಹೇಳು, ಏನಂದೆ?"

ಅವನು ತಾಯಿಯ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು.

"ಬಾಯಿಗೆ ಬರ್ತಿಲ್ಲ."

"ಅವತ್ತು ಬಂತಲ್ಲ?"

ಮೇಡಂ ಮೆಲ್ಲಗೆ, "ಹಳೇದನ್ನ ಕೆದಕೋದು ಬೇಡ..." ಎಂದರು.

"ಕೆದಕ್ತಾ ಇಲ್ಲ ಮೇಡಂ, ಬೆಳಕಿಗೆ ಹಿಡೀತಿದ್ದೀನಿ. ಕಲೆ ನೋಡ್ದೆ ನಾನು ಇಸ್ತ್ರಿ ಹಾಕಲ್ಲ." ಅವನತ್ತ ತಿರುಗಿದರು. "ನೀನೇ ಬರ್ದು ಕಳ್ಸು. ಏನಂದೆ, ಏನು ಮಾಡ್ದೆ, ಒಂದೂ ಬಿಡ್ದೆ. ಸಹಿ ಹಾಕ್ತೀನೋ ಇಲ್ವೋ, ಓದಿದ್ಮೇಲೆ ಹೇಳ್ತೀನಿ."

ನಾವು ಏಳುವಾಗ ತಾಯಿ ತಲೆಯೆತ್ತದೆ ಕೇಳಿದರು: "ಕೈ ಹೇಗಿದೆ?"

"ಚಳಿಗೆ ನೋಯುತ್ತೆ" ಎಂದರು ಅಕ್ಕ.

ವಾಪಸು ನಡೆದು ಬರುವಾಗ ಟೈರಿನ ಗೋದಾಮಿನ ಹತ್ತಿರ ತಡೆಯಲಾಗಲಿಲ್ಲ.

"ಅಕ್ಕ, ಒಂದ್ಸಲ ಕೌಂಟರಲ್ಲಿ ಒಬ್ಬ ಗಿರಾಕಿ ನಿಮ್ಮ ಬಗ್ಗೆ ತಮಾಷೆ ಮಾಡ್ದ. ನಾನು ನಕ್ಕೆ. ತಪ್ಪಾಯ್ತು."

"ಕೇಳಿಸ್ತು. ಮಧ್ಯೆ ಇರೋದು ಒಂದು ಪರದೆ ತಾನೆ. ಏನಂದ?"

"ನಿಮಗೇ ಗೊತ್ತಲ್ಲ..."

"ನಂಗೊತ್ತು. ನೀನು ಹೇಳು."

ಅಲ್ಲಿಯ ಬಸ್ ನಿಲ್ದಾಣದಲ್ಲಿ ಜನ ಇದ್ದರು. ಕಚೇರಿಯಲ್ಲಿ ಆ ಯುವಕನ ಬಾಯಿಗೆ ಯಾಕೆ ಬರಲಿಲ್ಲವೆಂದು ಆಗ ಅರ್ಥವಾಯಿತು. ಅರ್ಥವಾದದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು.

"'ಒಳಗಿರೋ ಅವಳು ಮುಟ್ಟಿದ್ರೆ ನನ್ನ ಬಿಳಿ ಶರ್ಟಿಗೆ ಕಪ್ಪು ಹತ್ತಲ್ವಾ' ಅಂದ. ನಾನು ನಕ್ಕೆ. ಜೋರಾಗೇ ನಕ್ಕೆ."

"ಹೂಂ" ಎಂದರು ಅಕ್ಕ. ಪರವಾಗಿಲ್ಲ ಎನ್ನಲಿಲ್ಲ. ಬಸ್ಸು ಬಂತು, ಹೋಯಿತು. "ಬರೋದಾದ್ರೆ ಬಾ. ನಾನು ನಿಧಾನ."

ಹನ್ನೊಂದು ದಿನವಾಯಿತು, ಆ ಯುವಕನ ಕಾಗದ ಬಂದಿಲ್ಲ. ಪೋಸ್ಟಿನವರು ಬಾಗಿಲು ತಳ್ಳಿದಾಗಲೆಲ್ಲ ಪರದೆಯ ಹಿಂದೆ ಇಸ್ತ್ರಿಪೆಟ್ಟಿಗೆಯ ಸದ್ದು ಒಂದು ಕ್ಷಣ ನಿಲ್ಲುತ್ತದೆ. "ಇಲ್ಲ ಅಕ್ಕ" ಎನ್ನುತ್ತೇನೆ. ಮತ್ತೆ ಶುರುವಾಗುತ್ತದೆ.