ಬದುವಿನ ಆಚೆಯ ಕೇರೆಹಾವು

ಐದನೇ ಕ್ಲಾಸಿಗೇ ಸ್ಲೇಟು ಬಿಟ್ಟು ನೇಗಿಲು ಹಿಡಿದವನು ನಾನು. ಪಾಲಹಳ್ಳಿ ಬಯಲಿನಲ್ಲಿ ನನ್ನಷ್ಟು ಚೊಕ್ಕಟವಾಗಿ ಬದು ಕೆತ್ತುವವರಿಲ್ಲ ಎಂದು ಈಗಲೂ ಹೇಳುತ್ತೇನೆ. ಪಕ್ಕದ ಗದ್ದೆ ಚಿಕ್ಕಪ್ಪನ ಮಗನದು. ಇಬ್ಬರಿಗೂ ಒಂದೇ ನಾಲೆಯ ನೀರು, ಒಂದೇ ಬಿತ್ತನೆ ಬತ್ತ, ನಡುವೆ ಒಂದು ಬದು. ಅವನು ಡೈರಿಗೆ ಹಾಲು ಹಾಕಿ, ಟೀ ಕುಡಿದು, ಹೊತ್ತೇರಿದ ಮೇಲೆ ಗದ್ದೆಗೆ ಬರುವ ಆಸಾಮಿ. ಅವನ ಕಡೆ ಬದುವಿನ ತುಂಬ ಹುಲ್ಲು.

ಹೋದ ವರ್ಷ ತೆನೆ ಹಾಲುಗಟ್ಟುವ ಹೊತ್ತಿಗೆ ನನ್ನ ಗದ್ದೆಗೆ ಇಲಿ ಬಿತ್ತು. ಬೆಳಿಗ್ಗೆ ಹೋದರೆ ಪೈರು ಕುಡುಗೋಲು ಹಾಕಿದ ಹಾಗೆ ಮಲಗಿರುತ್ತಿತ್ತು. ಪಾಷಾಣ ಇಟ್ಟೆ, ಬಿಲಕ್ಕೆ ಹೊಗೆ ಹಾಕಿದೆ, ನಿಲ್ಲಲಿಲ್ಲ. ಅವನ ಪೈರು ಮಾತ್ರ ತಲೆತೂಗಿಕೊಂಡು ನಿಂತಿತ್ತು. ಅದನ್ನು ನೋಡಿದರೆ ನನಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವನೇ ಇಲಿಗಳನ್ನು ನನ್ನ ಕಡೆಗೆ ಅಟ್ಟುತ್ತಿದ್ದಾನೆ ಎಂದು ಹೆಂಡತಿಗೆ ಹೇಳಿದೆ. ಅವಳು ನಕ್ಕಳು. ಅದೂ ಉರಿಯಿತು.

ಅವನ ಕಳ್ಳಾಟ ಹಿಡಿಯಬೇಕೆಂದು ಒಂದು ಮುಂಜಾನೆ ಅವನು ಬರುವ ಮೊದಲೇ ಹೋಗಿ ಅವನ ಕಡೆಯ ಹುಲ್ಲಿನಲ್ಲಿ ಕೂತೆ. ಮಾರುದ್ದದ ಕೇರೆಹಾವೊಂದು ಹರಿದು ಬಂದು ಇಲಿಬಿಲಕ್ಕೆ ತಲೆ ಹಾಕಿತು. ಅಂಥವನ್ನು ನಾನು ಎಷ್ಟು ಬಡಿದಿದ್ದೆನೋ ಲೆಕ್ಕವಿಲ್ಲ. ಕೇರೆ ಇದ್ದಲ್ಲಿಗೆ ಜೋಡಿಯಾಗಲು ನಾಗರ ಬರುತ್ತದೆ ಎಂಬುದು ನಮ್ಮವರ ನಂಬಿಕೆ. ನಾಟಿ ಹೆಂಗಸರು ಹೆದರಬಾರದೆಂದು ಹುಡುಕಿ ಹುಡುಕಿ ಹೊಡೆಯುತ್ತಿದ್ದೆ, ಹೊಗಳಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅವನು ಬಂದ. ಸಿಕ್ಕಿಬಿದ್ದ ನಾಚಿಕೆ ಮುಚ್ಚಲು, ಆ ಹಾವನ್ನೇಕೆ ಹೊಡೆದಿಲ್ಲ ಎಂದು ನಾನೇ ಗದರಿದೆ.

"ಯಾಕಣ್ಣ ಒಡೀಲಿ? ಅದು ಇಲಿ ತಿಂತದೆ, ನಾನು ಅನ್ನ ತಿಂತೀನಿ. ನಿನ್ ಗದ್ದೇಲಿ ಇದ್ದವ್ನೆಲ್ಲ ಬಡ್ದಾಕ್ಬುಟ್ಟೆ. ಇನ್ನು ಇಲಿ ಯಾರ್ಗೆ ಎದರ್ಕೊಂಡು ಓಯ್ತದೆ ಏಳು?"

ಸೋಮಾರಿಯ ಮಾತು ಎಂದು ತಳ್ಳಿಹಾಕಬಹುದಿತ್ತು. ಆದರೆ ಎರಡು ಗದ್ದೆಯೂ ಕಣ್ಣೆದುರೇ ಇದ್ದವು. ಆ ಸಲ ಅವನ ಮೂಟೆಗಳನ್ನು ಟ್ರಾಕ್ಟರಿಗೆ ಹೇರಲು ನಾನೇ ಹೆಗಲು ಕೊಟ್ಟೆ. ಒಂದೊಂದು ಮೂಟೆಯೂ ಎರಡು ಮೂಟೆಯಷ್ಟು ಭಾರವಿತ್ತು.

ಈ ವರ್ಷ ನಾನು ಪಾಷಾಣ ತರಲಿಲ್ಲ, ನನ್ನ ಕಡೆಯ ಬದು ಕೆತ್ತಲಿಲ್ಲ. ಅವನು ಕೇಳಿದ್ದಕ್ಕೆ ರಟ್ಟೆ ನೋವು ಎಂದೆ. ಮೊನ್ನೆ ಆ ಕೇರೆ ಬದು ದಾಟಿ ನನ್ನ ಗದ್ದೆಗೆ ಇಳಿಯಿತು. ಕೋಲು ಎತ್ತದೆ ನೋಡುತ್ತ ನಿಂತೆ. ಒಂದು ಇಲಿ ನುಂಗಿ, ಸ್ವಲ್ಪ ಹೊತ್ತು ಬಿಸಿಲು ಕಾಯಿಸಿ, ಮತ್ತೆ ಅವನ ಕಡೆಗೇ ಹರಿದುಹೋಯಿತು. ಅಲ್ಲಿ ಅದಕ್ಕೆ ಹೆಚ್ಚಿಗೆ ಏನಿದೆಯೋ!